ಉಪ್ಪು ತಿಂದ ರೆಫರಿ

ಮಾರ್ಚ್ 3, ಶನಿವಾರ

ಎಡ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಪ್ರಾಕ್ಟೀಸಿಗೆ ಹೋದೆ. ಊತ ಇಳಿದಿಲ್ಲ. ಮೈದಾನ ಅಂತ ಕರೆಯಲು ನಾಚಿಕೆ — ಮೆಕ್ಕೆಜೋಳ ಬಿತ್ತಬಹುದು. ಗೋಲು ಕಂಬದ ಮುಂದೆ ನೀರು ನಿಂತು ಅದರಲ್ಲಿ ಒಂದು ಬಾತುಕೋಳಿ. ನಮ್ಮ ಗೋಲ್‌ಕೀಪರ್ ಲಾಶಾ ಅದನ್ನು ಓಡಿಸಲಿಲ್ಲ. "ಇರ್ಲಿ ಬಿಡು ಕ್ಯಾಪ್ಟನ್, ನನಗಿಂತ ಚೆನ್ನಾಗಿ ಹಾರುತ್ತೆ" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾಳೆ ಮೊದಲ ಪಂದ್ಯ. ಚಹಾ ಕಾರ್ಖಾನೆ ಮುಚ್ಚಿದ ಮೇಲೆ ಇದೇ ಮೊದಲ ಸಲ ನಮ್ಮೂರು ಅನಖೂರಿಯ ಫುಟ್‌ಬಾಲ್ ಟೀಮು ದೇಶದ ಮೇಲಿನ ಲೀಗಿನಲ್ಲಿದೆ. ಅಂಗಿಯ ಮೇಲೆ ಇನ್ನೂ 'ಮೆಚಾಯೆ' — ಚಹಾ ಬೆಳೆಗಾರ. ಊರಲ್ಲಿ ಈಗ ಒಂದೂ ಚಹಾ ಗಿಡ ಇಲ್ಲ. ಕ್ಯಾಂಟೀನಿನಲ್ಲಿ ಕೊಡುವುದು ಸಿಲೋನಿನ ಪುಡಿ.

ಅಧ್ಯಕ್ಷ ಬೋಂದೋ ಬಂದ. ಪೆಟ್ರೋಲ್ ಬಂಕುಗಳ ಧಣಿ. ಹಾರೈಸಲು ಬಂದ ಅಂದುಕೊಂಡೆವು.

"ನೋಡ್ರಪ್ಪ, ಖರ್ಚು ನಂದು, ಮಾನ ನಿಮ್ದು. ಕೊನೇ ಸ್ಥಾನಕ್ಕೆ ಬಂದು ಕೆಳಗಿನ ಲೀಗಿಗೆ ಬಿದ್ರೋ, ಕ್ಲಬ್ಬಿಗೆ ಬೀಗ. ಇದೇ ಜಾಗದಲ್ಲಿ ಬಂಕ್ ಹಾಕ್ತೀನಿ. ರಸ್ತೆ ಪಕ್ಕ ಇದೆ, ಒಳ್ಳೆ ವ್ಯಾಪಾರ."

ಎಂಥ ಶುಭಾಶಯ! ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಕಾರ್ಖಾನೆ ಲಾರಿಯಲ್ಲಿ ಈ ಮೈದಾನಕ್ಕೆ ಮಣ್ಣು ತಂದು ಸುರಿದವನು ಅವನೇ. ಕೇಳಿಸಿಕೊಂಡ. ಹಂದಿಗೆ ಮುಸುರೆ ಹಾಕಲು ಎದ್ದು ಹೋದ.

ಮಾರ್ಚ್ 4

ಸೋತೆವು. ಬಾತುಕೋಳಿ ಕೂಡ ಬಂದಿರಲಿಲ್ಲ.

ಏಪ್ರಿಲ್ 14

ಬರೆದರಾದರೂ ಸಮಾಧಾನವಾದೀತು.

ಸ್ವಂತ ಊರಲ್ಲಿ ಮೂರು ಗೋಲು ಹೊಡೆಸಿಕೊಂಡೆವು. ತಲೆ ತಗ್ಗಿಸಿ ಮನೆಗೆ ಬಂದರೆ ಅಂಗಳದಲ್ಲಿ ನಗು, ಹಾಡು. ಪರ್ಸಿಮನ್ ಮರದ ಕೆಳಗೆ ಮೇಜು ಹಾಕಿದೆ. ಚೀಸ್ ತುಂಬಿದ ಬಿಸಿ ಖಾಚಾಪುರಿ ರೊಟ್ಟಿ, ಅಜಿಕಾ ಖಾರ ಸವರಿದ ಕೋಳಿ, ವೈನಿನ ಹೂಜಿ. ಕೂತಿರುವವನು ಯಾರು? ಎದುರು ಟೀಮಿನ ಬಸ್ ಡ್ರೈವರ್! ಅವರ ಬಿಳಿ ಟೋಪಿ ಹಾಕಿಕೊಂಡೇ ನಮ್ಮ ಕೋಳಿಯ ಕಾಲು ಚೀಪುತ್ತಿದ್ದಾನೆ.

ಅಪ್ಪನನ್ನು ಹಿತ್ತಲಿಗೆ ಕರೆದೆ.

"ನಾಚಿಕೆ ಆಗಲ್ವಾ ನಿನಗೆ?"

"ಯಾಕೆ? ಗೋಲು ಹೊಡೆದೋನು ಅವನಾ? ಅವನು ಬಸ್ ಓಡಿಸ್ದ."

"ಊರೆಲ್ಲಾ ಆಡ್ಕೊಳ್ತಾರೆ ಅಪ್ಪಾ!"

"ಗೇಟಿನ ಹತ್ರ ನಿಂತು ನೀರು ಕೇಳ್ದ. ಬರೀ ನೀರು ಕೊಟ್ಟು ಕಳ್ಸಕ್ಕೆ ಇದೇನು ರೈಲ್ವೇ ಸ್ಟೇಷನ್ನಾ? ಅತಿಥಿ ದೇವರ ಕಡೆಯವನು ಕಣೋ. ಹೋಗು, ಮುಖ ತೊಳ್ಕೊಂಡು ಬಾ, ಕೂತ್ಕೋ."

ಕೂರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಸ್ವಂತ ಮಗನ ಪಂದ್ಯಕ್ಕೆ ಬರುವುದಿಲ್ಲ ಇವನು — ಜನ ನನ್ನನ್ನು ಬೈಯುವುದು ಕೇಳಲಾಗದಂತೆ. ಮರದ ಕೆಳಗೆ ಕೂತು ಮೈದಾನದ ಗದ್ದಲದಲ್ಲೇ ಸ್ಕೋರು ತಿಳಿದುಕೊಳ್ಳುತ್ತಾನೆ. ತಪ್ಪುವುದೂ ಇಲ್ಲ. ಆದರೆ ನನ್ನನ್ನು ಸೋಲಿಸಿದವರನ್ನು ಹೊತ್ತು ತಂದವನಿಗೆ ಕೋಳಿ ಕೊಯ್ಯುತ್ತಾನೆ. ಕದ ಹಾಕಿಕೊಂಡು ಒಣ ಬ್ರೆಡ್ ತಿಂದು ಮಲಗಿದೆ.

ಮೇ 19, ಕುತಾಯಿಸಿಯಿಂದ ಬರುವಾಗ, ಬಸ್ಸಿನಲ್ಲಿ

ಡ್ರಾ. ಒಂದು ಪಾಯಿಂಟು. ಅಷ್ಟಾದರೂ ಬಂತು.

ರೆಫರಿ ರೋಯಿನ್ ಅನ್ನುವವನು. ರಾಜಧಾನಿ ತಿಬಿಲಿಸಿಯವನು. ಕಂಬದ ಹಾಗೆ ನೆಟ್ಟಗಿನ ಮನುಷ್ಯ. ಯಾರ ನೀರನ್ನೂ ಮುಟ್ಟುವುದಿಲ್ಲ — ಮನೆಯಿಂದಲೇ ಬಾಟಲಿ, ಬೇಯಿಸಿದ ಮೊಟ್ಟೆ. ಯಾವ ಕ್ಲಬ್ಬಿನ ಉಪ್ಪೂ ತನ್ನ ಹೊಟ್ಟೆಯಲ್ಲಿ ಇರಬಾರದಂತೆ. ಬೋಂದೋ ಕೈಕುಲುಕಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. ಬೋಂದೋನ ಮುಖ ನೋಡಬೇಕಿತ್ತು!

ಲಾಶಾ ಅಂದ: "ಇವನ ಮದುವೇಲೂ ಊಟ ಮಾಡಿರಲ್ಲ ಇವನು."

ನನಗಂತೂ ಖುಷಿಯಾಯಿತು. ಈ ಹಾಳು ಲೀಗಿನಲ್ಲಿ ಒಬ್ಬನಾದರೂ ನೆಟ್ಟಗಿದ್ದಾನೆ.

ಜೂನ್ 27

ಕೋಚ್ ತೆಮೂರ್‌ನನ್ನು ಕಿತ್ತು ಹಾಕಿದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಗೋಲು ಹೊಡೆಯುವ ಹುಡುಗನನ್ನು ಮಾರಿದವನು ಬೋಂದೋ, ಮನೆಗೆ ಹೋದವನು ತೆಮೂರ್.

ಜುಲೈ 11

ಬೇರೆ ಯಾವ ಕೋಚೂ ಬರಲು ಒಪ್ಪಲಿಲ್ಲ. ತೆಮೂರ್ ವಾಪಸ್ ಬಂದ. ಅದೇ ಕುರ್ಚಿ, ಅದೇ ಸೀಟಿ. "ರಜಾ ಚೆನ್ನಾಗಿತ್ತು" ಅಂದ. ಅವನ ತಾಳ್ಮೆ ನೋಡಿದರೂ ಸಿಟ್ಟು ಬರುತ್ತದೆ ನನಗೆ.

ಆಗಸ್ಟ್ 25

ಗೆದ್ದೆವು!! ಕಾರ್ನರಿನಿಂದ ನನ್ನದೇ ತಲೆ. ಮೊಣಕಾಲು ಸತ್ತೇ ಹೋಗಿದೆ, ಹೋಗಲಿ. ಮನೆಗೆ ಬಂದಾಗ ಅಪ್ಪ ಅಂದ: "ಎರಡನೇ ಕೂಗು ನಿಂದು ತಾನೆ? ಗೊತ್ತಾಯ್ತು. ನಿನಗೆ ಕೂಗುವಾಗ ಹೆಂಗಸರ ದನಿ ಜಾಸ್ತಿ." ನನ್ನ ಹೆಂಡತಿ ಇಂಗಾ ಅವನ ಮುಂದೆಯೇ ನನ್ನ ಬೆನ್ನಿಗೊಂದು ಗುದ್ದಿದಳು.

ಅಕ್ಟೋಬರ್ 13

ದ್ರಾಕ್ಷಿ ಕೊಯ್ಲು. ಅಪ್ಪ ಈ ವರ್ಷದ ವೈನ್ ಜಾಡಿ ಮಣ್ಣಲ್ಲಿ ಹೂತ. "ನೀವು ಉಳ್ಕೊಂಡ್ರೆ ಇದನ್ನ ತೆಗೀತೀನಿ" ಅಂದ. "ಬಿದ್ರೆ?" ಅಂದೆ. "ಬಿದ್ರೂ ತೆಗೀತೀನಿ. ವೈನ್ ಏನು ತಪ್ಪು ಮಾಡಿದೆ?"

ಇವನ ಜೊತೆ ಜಗಳವಾಡಲೂ ಆಗುವುದಿಲ್ಲ.

ನವೆಂಬರ್ 24

ಲೆಕ್ಕ ಸರಳ. ಕೊನೆಯಲ್ಲಿ ಇಬ್ಬರೇ — ನಾವು, ಹೊಳೆಯಾಚೆಯ ಖೇವುರಾ. ನಾವು ಒಂದು ಪಾಯಿಂಟು ಮೇಲೆ. ಕೊನೆಯ ಪಂದ್ಯ ನಮ್ಮಿಬ್ಬರದೇ, ನಮ್ಮ ಮೈದಾನದಲ್ಲೇ. ಡ್ರಾ ಆದರೂ ಸಾಕು, ಉಳಿಯುತ್ತೇವೆ. ಸೋತರೆ ಪೆಟ್ರೋಲ್ ಬಂಕ್.

ರೆಫರಿ ರೋಯಿನ್ ಅಂತೆ. ತೆಮೂರ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. "ದೇವರು ದೊಡ್ಡೋನು ಕಣ್ರೋ. ಈ ಮನುಷ್ಯ ಯಾರಿಗೂ ಬಗ್ಗಲ್ಲ."

ನವೆಂಬರ್ 30, ಬಾಜಾದಲ್ಲಿ

ಪಂದ್ಯದ ಹಿಂದಿನ ದಿನ ಎಲ್ಲರನ್ನೂ ಬಾಜಾದಲ್ಲಿ, ಅಂದರೆ ಕ್ಲಬ್ಬಿನ ತರಬೇತಿ ವಸತಿಯಲ್ಲಿ, ಕೂಡಿಹಾಕುವುದು. ಸೋವಿಯತ್ ಹೋಯಿತು, ಈ ದೊಡ್ಡಿ ಹೋಗಲಿಲ್ಲ. ಹೆಂಡತಿ ಇಲ್ಲ, ವೈನ್ ಇಲ್ಲ, ಫೋನು ತೆಮೂರ್‌ನ ಪೆಟ್ಟಿಗೆಯಲ್ಲಿ. ಊಟಕ್ಕೆ ಸಪ್ಪೆ ಗಂಜಿ. ಹೊರಗೆ ಜಡಿಮಳೆ. ತಿಬಿಲಿಸಿ ಕಡೆ ಘಟ್ಟದ ರಸ್ತೆ ಕುಸಿದಿದೆಯಂತೆ.

ಲಾಶಾ ಗೊರಕೆ ಹೊಡೆಯುತ್ತಿದ್ದಾನೆ. ನಾನು ನಾಳೆಯ ಪಂದ್ಯವನ್ನು ತಲೆಯಲ್ಲೇ ಆಡಿ ಮುಗಿಸಿದೆ. ಸೊನ್ನೆ-ಸೊನ್ನೆ.

ಡಿಸೆಂಬರ್ 1, ಬೆಳಿಗ್ಗೆ

ಕೊಲ್ಲುತ್ತೇನೆ. ಅಪ್ಪ ಅಂತಲೂ ನೋಡುವುದಿಲ್ಲ.

ಲಾಶಾ ಕಾಲುಚೀಲದಲ್ಲಿ ಇನ್ನೊಂದು ಫೋನು ಬಚ್ಚಿಟ್ಟಿದ್ದ. ತಿಂಡಿಗೆ ಮುಂಚೆ ನನ್ನನ್ನು ಬಚ್ಚಲಿಗೆ ಎಳೆದೊಯ್ದ. "ಕ್ಯಾಪ್ಟನ್, ಕೂತ್ಕೊಂಡು ನೋಡು" ಅಂದ. ಫೇಸ್‌ಬುಕ್ಕಿನಲ್ಲಿ ವಿಡಿಯೋ. ನಮ್ಮ ಮನೆ. ನಮ್ಮ ಮೇಜು. ಅಪ್ಪ ತಮಾದಾ, ಅಂದರೆ ಪಂಕ್ತಿಯ ಯಜಮಾನನ ಗತ್ತಿನಲ್ಲಿ ಎದ್ದು ನಿಂತು ಹಾರೈಕೆ ಹೇಳುತ್ತಿದ್ದಾನೆ. ಅವನ ಹೆಗಲ ಮೇಲೆ ಕೈ ಹಾಕಿ, ವೈನು ತುಂಬಿದ ಕೊಂಬಿನ ಬಟ್ಟಲು ಎತ್ತಿ, ಕಣ್ಣು ಮುಚ್ಚಿ ಹಾಡುತ್ತಿರುವವನು — ರೋಯಿನ್!

ಬಾಟಲಿ ನೀರಿನ ರೋಯಿನ್. ಬೇಯಿಸಿದ ಮೊಟ್ಟೆಯ ರೋಯಿನ್.

ವಿಡಿಯೋ ಮಾಡಿದವನು ಪಕ್ಕದ ಮನೆ ಉಚಾ. ಅಪ್ಪನೇ ಬೇಲಿಯಾಚೆಯಿಂದ ಕೂಗಿ ಕರೆದನಂತೆ, ಅತಿಥಿ ಬಂದಿದ್ದಾನೆ, ಹಾಡಲು ಒಂದು ದನಿ ಕಡಿಮೆ ಅಂತ. ಉಚಾ ಹಾಡಿದ, ಊಟ ಮಾಡಿದ, ಫೋನಿನಲ್ಲಿ ಹಿಡಿದ. ಅವನ ಹೆಂಡತಿಯ ತವರು ಖೇವುರಾ. ಇನ್ನೇನು ಬೇಕು? ಹೊಳೆಯಾಚೆ ಎಲ್ಲರ ಕೈಯಲ್ಲೂ ಅದೇ ವಿಡಿಯೋ. ಕೆಳಗೆ ಬರೆದಿದ್ದಾರೆ: 'ಅನಖೂರಿಯಲ್ಲಿ ಪಂದ್ಯದ ಬೆಲೆ ಒಂದು ಟರ್ಕಿ ಕೋಳಿ.'

ಅದೇ ಫೋನಿನಿಂದ ಮನೆಗೆ ಕರೆ ಮಾಡಲು ತೆಮೂರ್ ಬಿಟ್ಟ. ಅಪ್ಪನೇ ಎತ್ತಿದ.

"ಯಾರನ್ನ ಕೂರಿಸ್ಕೊಂಡಿದ್ದೆ ಗೊತ್ತಾ ನಿನಗೆ?"

"ಈಗ ಗೊತ್ತು. ಆಗ ಗೊತ್ತಿರ್ಲಿಲ್ಲ. ನಿನ್ನೆ ರಾತ್ರಿ ಮಳೇಲಿ ಕಾರು ಚರಂಡಿಗೆ ಬಿದ್ದಿತ್ತು, ಒದ್ದೆ ಕೋಳಿ ಹಾಗೆ ನಿಂತಿದ್ದ. ಕರ್ಕೊಂಡು ಬಂದೆ."

"ಏನ್ ಕೆಲಸ ಅಂತ ಕೇಳೋಕೆ ಬಾಯಿ ಇರ್ಲಿಲ್ವಾ?"

"ಉಣ್ಣೋಕೆ ಮುಂಚೆ ಯಾರನ್ನಾದ್ರೂ ಏನ್ ಕೆಲಸ ಅಂತ ಕೇಳ್ತಾರೇನೋ? ಹಾಗೆ ಬೆಳೆಸಿದ್ನಾ ನಿನ್ನ?"

"ಅವನಾದ್ರೂ ಹೇಳಬಾರದಿತ್ತಾ!"

"ಗೋಡೆ ಮೇಲೆ ನಿನ್ನ ಫೋಟೋ ನೋಡ್ದ. ಬೆಳ್ಳಗಾಗಿ ಎದ್ದು ಹೊರಟ. ಆದ್ರೆ ಕೊಂಬು ಆಗ್ಲೇ ಕೈಗೆ ಬಂದಿತ್ತು, ತೀರಿಹೋದವರ ಹೆಸರಲ್ಲಿ. ಕುಡೀದೆ ಅದನ್ನ ಕೆಳಗಿಡೋಕಾಗುತ್ತಾ? ಅವನ ಅಪ್ಪನೂ ತೀರ್ಕೊಂಡಿದಾನಂತೆ. ಅತ್ತ ಪಾಪ. ಆಮೇಲೆ ಹಾಡ್ದ. ಒಳ್ಳೆ ದನಿ ಕಣೋ..."

ಫೋನು ಗೋಡೆಗೆ ಎಸೆದೆ. ಲಾಶಾನದು. ಅದಕ್ಕೂ ಬೈಸಿಕೊಂಡೆ.

ಬೇರೆ ರೆಫರಿ ಕಳಿಸಿ ಅಂತ ಖೇವುರಾದವರು ಗಲಾಟೆ ಮಾಡಿದ್ದಾರೆ. ರಸ್ತೆ ಕುಸಿದು ಕೂತಿದೆ, ಯಾರು ಬರುತ್ತಾರೆ? ಇವನೇ ಆಡಿಸುತ್ತಾನೆ. ಬಸ್ ಬಂತು.

ಡಿಸೆಂಬರ್ 1, ಸಂಜೆ

ಮುಗಿಯಿತು.

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಖೇವುರಾದ ಜನ ಜೀವಂತ ಟರ್ಕಿ ಕೋಳಿಯನ್ನೇ ತಂದಿದ್ದರು. ರೋಯಿನ್ ಮೈದಾನಕ್ಕೆ ಕಾಲಿಟ್ಟ ಕೂಡಲೇ "ಅಜಿಕಾ ಸಾಕಾಯ್ತಾ?" ಅಂತ ಕೂಗು. ಅವನ ಮುಖ ಸುಣ್ಣದ ಗೋಡೆ. ನಾಣ್ಯ ಹಾರಿಸುವಾಗ ನನ್ನ ಕಣ್ಣು ನೋಡಲಿಲ್ಲ. ನಾಣ್ಯ ಕೈ ಜಾರಿ ಕೆಸರಿಗೆ ಬಿತ್ತು.

ಆದರೂ ಆಡಿದೆವು. ಹೇಗೆ ಆಡಿದೆವು! ಲಾಶಾ ನಿಜವಾಗಿಯೂ ಹಾರಿದ. ಕೆಸರು, ಮಳೆ, ಮೊಣಕಾಲು, ಯಾವುದೂ ಗೊತ್ತಾಗಲಿಲ್ಲ. ಪ್ರತಿ ಸೀಟಿಯೂ ನಮ್ಮ ವಿರುದ್ಧ. ಎಸೆತ ಅವರಿಗೆ, ಫೌಲ್ ಅವರಿಗೆ. ನುಂಗಿಕೊಂಡೆವು. ಸೊನ್ನೆ-ಸೊನ್ನೆ. ಇನ್ನೇನು ಮುಗಿಯಬೇಕು. ಅವರ ಹುಡುಗ ಬಾಕ್ಸಿನೊಳಗೆ ಜೋರಾಗಿ ಒದ್ದ. ನಾನು ಅಡ್ಡ ನಿಂತೆ, ಎರಡೂ ಕೈ ಬೆನ್ನ ಹಿಂದೆ. ಚೆಂಡು ಎದೆಗೆ ಬಡಿಯಿತು. ಎದೆಗೆ! ಅಂಗಿಯ ಮೇಲೆ ಗುಂಡಗೆ ಕೆಸರಿನ ಅಚ್ಚು, ಸರಿಯಾಗಿ 'ಮೆಚಾಯೆ' ಅಕ್ಷರದ ಮೇಲೆ.

ಸೀಟಿ. ಚೆಂಡು ಕೈಗೆ ತಾಗಿತು ಅಂತ ರೋಯಿನ್ ಪೆನಾಲ್ಟಿ ಗುರುತು ತೋರಿಸುತ್ತಿದ್ದ.

ಅಂಗಿ ಎಳೆದು ಅಚ್ಚು ತೋರಿಸಿದೆ. "ನೋಡೋ! ಇಲ್ಲಿ ನೋಡು!" ಅಂದೆ. ಅವನು ಆಕಾಶ ನೋಡಿದ. ನಮ್ಮ ಲೀಗಿಗೆ ಟಿವಿಯಲ್ಲಿ ತಿರುಗಿಸಿ ನೋಡುವ ಯಂತ್ರ ಇನ್ನೂ ಬಂದಿಲ್ಲ. ಮುಷ್ಟಿ ಎತ್ತಿದೆ. ಮೂಗಿನ ಮುಂದೆ ಮುಷ್ಟಿ. ಆಗ ನೆನಪಾಯಿತು, ಥೂ, ನಮ್ಮನೆ ಉಪ್ಪು ತಿಂದಿದ್ದಾನೆ ಇವನು. ಕೈ ಮುಂದೆ ಹೋಗಲಿಲ್ಲ. ಅಪ್ಪ ಬೆಳೆಸಿದ ಕೈ, ಅದೂ ನನ್ನ ಮಾತು ಕೇಳಲಿಲ್ಲ.

ಗೋಲು. ಕೆಳಗಿನ ಲೀಗು. ಬೋಂದೋ ಪಂದ್ಯ ಮುಗಿಯುವ ಮೊದಲೇ ಎದ್ದು ಕಾರು ಹತ್ತಿದ.

ಜನ ಬೇಲಿ ಮುರಿದರು. ರೋಯಿನ್ ರೆಫರಿ ಕೋಣೆಗೆ ಓಡಿ ಚಿಲಕ ಹಾಕಿಕೊಂಡ. ಇದ್ದ ನಾಲ್ಕು ಪೊಲೀಸರು ಗೋಡೆಗೆ ಒರಗಿ ನಿಂತರು, ಅವರೂ ಅನಖೂರಿಯವರೇ. ಬಾಗಿಲಿಗೆ ಕಲ್ಲು ಬಿತ್ತು. ನಾನು ತಡೆಯಲಿಲ್ಲ. ಸತ್ತರೆ ಸಾಯಲಿ ಅಂತಲೇ ಅನ್ನಿಸಿತ್ತು.

ಆಗ ಅಪ್ಪ ಬಂದ. ಎಷ್ಟು ವರ್ಷದ ಮೇಲೆ ಮೈದಾನಕ್ಕೆ! ಕಾಲಲ್ಲಿ ಮನೆಯ ರಬ್ಬರ್ ಚಪ್ಪಲಿ, ಕೆಸರಲ್ಲಿ ಪಚಕ್ ಪಚಕ್ ಅಂತ. ನೇರ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗುಂಪಿನಲ್ಲೊಬ್ಬ ಅಪ್ಪನಿಗೆ ಕೂಗಿದ:

"ಓತಿಯಾ ಮಾವ, ಸರೀರಿ! ನಿಮ್ಮ ಮಗನ್ನೇ ಮುಳುಗಿಸ್ದ ಅವನು!"

"ಕೇಳಿಸ್ತು. ಮನೇಲಿ ಕೂತೇ ಕೇಳಿಸ್ತು. ಹೊಳೆಯಾಚೆಯವರು ಕೂಗಿದ್ರು, ನಮ್ಮವರು ಸುಮ್ಮನಾದ್ರು."

"ಮತ್ತೆ?"

"ಅವನ ಬ್ಯಾಗು ನನ್ನ ಮನೇಲಿದೆ. ಬ್ಯಾಗು ಅಲ್ಲಿರೋವರ್ಗೂ ಅವನು ನನ್ನ ಅತಿಥಿ. ಅವನ ಮೇಲೆ ಕೈ ಹಾಕೋರು ಮೊದ್ಲು ನನ್ನ ಮೇಲೆ ಹಾಕಿ. ಬನ್ನಿ, ಯಾರು ಬರ್ತೀರಿ?"

ಯಾರೂ ಬರಲಿಲ್ಲ. ಅಪ್ಪ ಅವನ ತೋಳು ಹಿಡಿದು ಊರ ನಡುವೆಯೇ ನಡೆಸಿಕೊಂಡು ಮನೆಗೆ ಕರೆತಂದ. ನಾನು ಹಿಂದೆ, ಕೆಸರು ಅಂಗಿಯಲ್ಲಿ, ಸ್ವಂತ ಹೆಣದ ಮೆರವಣಿಗೆಯಲ್ಲಿ ನಡೆದ ಹಾಗೆ.

ಮತ್ತೆ ಮೇಜು. ಮತ್ತೆ ತಟ್ಟೆ! ಅಮ್ಮ ಮುಖ ಊದಿಸಿಕೊಂಡೇ ಬಡಿಸಿದಳು. ರೋಯಿನ್ ತುತ್ತು ಮುಟ್ಟಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದ:

"ಎದೆಗೇ ಬಿತ್ತು. ನಾನು ನೋಡ್ದೆ."

ಅಮ್ಮನ ಕೈಯಿಂದ ಸೌಟು ಬಿತ್ತು.

"ಮತ್ಯಾಕೋ ಊದಿದೆ?" ಅಂದೆ.

"ಎಲ್ರೂ ವಿಡಿಯೋ ನೋಡಿದ್ರು. ಕೊಡದೇ ಇದ್ದಿದ್ರೆ ಮಾರ್ಕೊಂಡ ಅಂತಿದ್ರು. ಹದಿನೆಂಟು ವರ್ಷ ಯಾರ ಮನೆ ನೀರೂ ಕುಡಿದಿಲ್ಲ ನಾನು. ಈ ಹೆಸರೊಂದೇ ನನಗಿರೋದು."

"ಅದನ್ನ ಉಳಿಸ್ಕೊಳ್ಳೋಕೆ ನಮ್ಮನ್ನ ಮಾರಿದೆ!"

ಅಪ್ಪನ ಕಡೆ ತಿರುಗಿದೆ. ಈಗಲಾದರೂ ಒಂದು ಮಾತು ಬೈಯಲಿ. ಎದ್ದು ಹೋಗು ಅನ್ನಲಿ. ಅವನು ಸುಮ್ಮನೆ ಕೋಳಿಯ ಒಂದು ತುಂಡು ಎತ್ತಿ ರೋಯಿನ್ ತಟ್ಟೆಗೆ ಹಾಕಿದ.

"ತಿನ್ನಿ ಬಾತೋನೋ. ಆರಿ ಹೋಗುತ್ತೆ."

ಇವನಿಗೆ 'ಬಾತೋನೋ', ಸ್ವಾಮಿ ಅನ್ನುವ ಮರ್ಯಾದೆ ಬೇರೆ! ಕುರ್ಚಿ ಒದ್ದು ಎದ್ದು ಬಂದೆ. ಈ ಮನೆಯಲ್ಲಿ ಮಗನಾಗಿ ಹುಟ್ಟುವುದಕ್ಕಿಂತ ಅತಿಥಿಯಾಗಿ ಹುಟ್ಟಬೇಕಿತ್ತು.

ಡಿಸೆಂಬರ್ 2, ಭಾನುವಾರ

ಘಟ್ಟದ ರಸ್ತೆ ತೆರೆದಿದೆಯಂತೆ. ರೋಯಿನ್ ಕಾರು ಇನ್ನೂ ಚರಂಡಿಯಲ್ಲೇ, ಬಸ್ಸೇ ಗತಿ. ತಿಬಿಲಿಸಿ ಬಸ್ಸು ನಿಲ್ಲುವುದು ಸೇತುವೆಯಾಚೆ, ಖೇವುರಾದ ಬದಿ. ಅಪ್ಪ ರೋಯಿನ್ ಬ್ಯಾಗು ತಾನೇ ಹೊತ್ತು ಹೊರಟ. "ನೀನೂ ಬಾ" ಅಂದ ನನಗೆ. ಬರುವುದಿಲ್ಲ ಅಂದೆ. "ಬಾ" ಅಂದ. ಆ ದನಿ ಚಿಕ್ಕಂದಿನಲ್ಲಿ ಕೇಳಿದ್ದು. ಹೋದೆ.

ಮೂವರೂ ನಡೆದೆವು. ಮೈದಾನದ ಹತ್ತಿರ ಅಪ್ಪ ಒಂದು ಗಳಿಗೆ ನಿಂತ. ಬೋಂದೋನ ಜನ ಆಗಲೇ ಗೇಟಿಗೆ ಸರಪಳಿ ಸುತ್ತುತ್ತಿದ್ದರು. ಭಾನುವಾರವೇ! ಒಂದು ದಿನ ತಡೆಯಲಿಲ್ಲ ಕಳ್ಳ. ಅಪ್ಪ ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿ ಮುಂದೆ ನಡೆದ.

ಸೇತುವೆ ದಾಟಿದೆವು. ಆಚೆ ಬದಿಯಲ್ಲಿ ಬಸ್ಸು ನಿಂತಿತ್ತು. ಅಪ್ಪ ಬ್ಯಾಗು ಅವನ ಕೈಗೆ ಕೊಟ್ಟ.

"ಎಲ್ಲಾ ಇದೆಯಾ ನೋಡ್ಕೊಳ್ಳಿ ಬಾತೋನೋ."

"ಇದೆ."

"ಬುತ್ತಿ ಇಟ್ಟಿದಾಳೆ ನಮ್ಮವಳು. ಹಸಿದು ಹೋಗ್ತಿಲ್ಲ ತಾನೆ?"

"ಇಲ್ಲ."

"ಮನೇಲಿ ಏನೂ ಕಡಿಮೆ ಆಗ್ಲಿಲ್ಲ ತಾನೆ?"

"ಇಲ್ಲ ಓತಿಯಾ ಮಾವ. ನಿಮ್ಮಂಥವರನ್ನ ನಾನು..."

"ಸರಿ ಹಾಗಾದ್ರೆ. ಇದು ನನ್ನೂರಲ್ಲ. ಇಲ್ಲಿ ನೀವು ನನ್ನ ಅತಿಥಿ ಅಲ್ಲ."

ಅಪ್ಪ ಟೋಪಿ ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಹೊಡೆದ. ಲಾರಿ ಸ್ಟಿಯರಿಂಗ್ ತಿರುಗಿಸಿದ ಕೈ ಅದು. ರೋಯಿನ್ ರಸ್ತೆಯ ಮೇಲೆ ಕೂತುಬಿಟ್ಟ. ಮೂಗಿನಿಂದ ರಕ್ತ. ಬಸ್ಸಿನವರೆಲ್ಲ ಕಿಟಕಿಗೆ ಮುತ್ತಿದರು.

"ಆ ಮೈದಾನದ ಮಣ್ಣು ನಾನು ಹೊತ್ತಿದ್ದು ಕಣಯ್ಯ!" ಅಪ್ಪನ ಕಣ್ಣಲ್ಲಿ ನೀರು. "ಲಾರಿ ಲಾರಿ ಹೊತ್ತಿದ್ದು! ಎದೆಗೆ ಬಿತ್ತು ಅಂತ ಗೊತ್ತಿದ್ದೂ ಊದ್ತೀಯಾ? ನನ್ನ ಮಗನ ಎದೆಗೆ?"

ರೋಯಿನ್ ತಲೆಯಾಡಿಸಿದ ಅಷ್ಟೆ. ಸ್ವಲ್ಪ ಹೊತ್ತಿಗೆ ಅಪ್ಪನೇ ಬಗ್ಗಿ ಅವನನ್ನು ಎಬ್ಬಿಸಿ, ತನ್ನ ಕರವಸ್ತ್ರದಿಂದ ಮೂಗು ಒರೆಸಿ, ಬಸ್ಸು ಹತ್ತಿಸಿದ. "ಕಿಟಕಿ ಹಾಕ್ಕೊಳ್ಳಿ, ಗಾಳಿ ತಾಗುತ್ತೆ" ಅಂದ.

ವಾಪಸ್ ಬರುವಾಗ ನಾನೇ ಕೇಳಿದೆ: "ರಾತ್ರಿಯೇ ಸಿಟ್ಟು ಬಂದಿತ್ತಾ?"

"ಸೀಟಿ ಕೇಳಿದಾಗಿಂದ. ಅನ್ನ ಇಳೀಲಿಲ್ಲ ನನಗೆ."

ಆ ಏಟು ನನ್ನ ಪಾಲಿನದು. ಅದನ್ನೂ ಇವನೇ ಹೊಡೆದ. ಅದಕ್ಕೂ ಕೋಪವಿದೆ ನನಗೆ. ಆದರೆ ಅವನ ಟೋಪಿ ಮನೆ ತಲುಪುವವರೆಗೂ ನನ್ನ ಕೈಯಲ್ಲೇ ಇತ್ತು, ಎದೆಗೊತ್ತಿಕೊಂಡೇ ಬಂದೆ.

ಮಧ್ಯಾಹ್ನ

ಅಪ್ಪನ ಬಲಗೈ ಬನ್ನಿನ ಹಾಗೆ ಊದಿದೆ. ಅಮ್ಮನಿಗೆ "ಬಾಗಿಲಿಗೆ ಸಿಕ್ಕಿತು" ಅಂದ. ಅಮ್ಮ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಐಸ್ ತಂದಳು.

ಗೇಟಿನ ಹತ್ತಿರ ಜೀಪು ನಿಂತಿತು. ನಮ್ಮೂರ ಪೊಲೀಸರಲ್ಲ, ಖೇವುರಾದವರು. ಇಬ್ಬರು. ಬಸ್ಸಿನವರು ಯಾರೋ ಹೇಳಿರಬೇಕು. ಅಪ್ಪ ಕಿಟಕಿಯಲ್ಲಿ ಇಣುಕಿದ. ಐಸ್ ಬದಿಗಿಟ್ಟ. ಟೋಪಿ ಹಾಕಿಕೊಂಡ. ಈಗ ಅಡುಗೆಮನೆಯಲ್ಲಿ ಸದ್ದು, ಎಡಗೈಯಲ್ಲಿ ಏನೋ ಜೋಡಿಸುತ್ತಿದ್ದಾನೆ... "ಲೇ, ಇನ್ನೆರಡು ತಟ್ಟೆ ಎಲ್ಲಿಟ್ಟಿದೀಯಾ?" ಅಂತ ಅಮ್ಮನನ್ನು ಕೇಳುತ್ತಿದ್ದಾನೆ.

ಅಯ್ಯೋ ಅಪ್ಪಾ, ಅವರು ಬಂದಿರುವುದು ನಿನ್ನನ್ನು —